ಪೊಮೇರಿಯಮ್: ಗೋಡೆಯ ಹಿಂದೋ, ಸುತ್ತಲೋ?

ರೋಮಿಗೆ ಪ್ರವಾಸ ಹೋಗಿಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ಪತ್ರ ಬರೆದಿದ್ದರು: “ಮೇಷ್ಟ್ರೇ, ‘ಪೊಮೇರಿಯಮ್’ ಎಂದರೆ ಗೋಡೆಯ ಹಿಂದಿನ ಜಾಗ ಎಂದು ನೀವು ಎಂಟನೆಯ ತರಗತಿಯಲ್ಲಿ ಹೇಳಿದ್ದಿರಿ. ಎಲ್ಲಿ ನಿಂತು ನೋಡಿದರೆ ಹಿಂದೆ?”

ಹಾಗೆ ಹೇಳಿದ್ದು ನಿಜ. ಪದವನ್ನು ಬಿಡಿಸಿದೊಡನೆ ಅರ್ಥ ಕೈಗೆ ಸಿಕ್ಕಿತೆಂದು ನಂಬುವುದು ಭಾಷೆ ಕಲಿಸುವವರ ಹಳೆಯ ಚಾಳಿ.

ನಗರದ ಪವಿತ್ರ ಗಡಿಯನ್ನು ಸೂಚಿಸುವ ಈ ಲ್ಯಾಟಿನ್ ಪದ ನಪುಂಸಕಲಿಂಗದ್ದು. ‘ಪೋಸ್ಟ್’ (ಹಿಂದೆ) ಮತ್ತು ‘ಮೂರುಸ್’ (ಗೋಡೆ) ಸೇರಿ ಇದು ಆಯಿತೆಂದು ಪ್ರಾಚೀನರು ಬಿಡಿಸುತ್ತಿದ್ದರು. ‘ಮೂರುಸ್’ನ ಹಳೆಯ ರೂಪ ‘ಮೊಯ್ರುಸ್’. ‘ಒಯ್’ ಎಂಬುದು ‘ಊ’ ಆಗುವುದಕ್ಕೆ ‘ಪೊಯ್ನ’ (ದಂಡನೆ), ‘ಪೂನಿರೆ’ (ದಂಡಿಸು) ಎಂಬ ಜೋಡಿಯೇ ಸಾಕ್ಷಿ. ಸಮಾಸದಲ್ಲಿ ‘ಪೋಸ್ಟ್’ನ ಕೊನೆಯ ಎರಡು ವ್ಯಂಜನಗಳು ಬಿದ್ದುಹೋದವು. ನಮ್ಮ ಲೋಪಸಂಧಿಯಲ್ಲಿ ಬೀಳುವುದು ಸ್ವರ, ಇಲ್ಲಿ ವ್ಯಂಜನ!

ಆದರೆ ಇತಿಹಾಸಕಾರ ಲಿವಿ ಇಷ್ಟಕ್ಕೆ ತೃಪ್ತನಾಗಲಿಲ್ಲ. ಅಕ್ಷರಾರ್ಥ ‘ಗೋಡೆಯ ಹಿಂದೆ’ ಎಂದಾದರೂ, ವಾಸ್ತವದಲ್ಲಿ ಅದು ಗೋಡೆಯ ಎರಡೂ ಬದಿಯ ನೆಲ. ಅಲ್ಲಿ ಮನೆ ಕಟ್ಟುವಂತಿಲ್ಲ, ಉಳುವಂತಿಲ್ಲ ಎಂದು ಬರೆದ. ಗಡಿ ಸ್ಥಿರವೂ ಅಲ್ಲ. ಕ್ರಿ.ಶ. 49ರಲ್ಲಿ ಸಾಮ್ರಾಟ ಕ್ಲಾಡಿಯಸ್ ಅದನ್ನು ವಿಸ್ತರಿಸಿ ಕಲ್ಲು ನೆಡಿಸಿದ. ಅಂಥ ಒಂದು ಕಲ್ಲು 2021ರಲ್ಲಿ ರೋಮಿನ ನೆಲದಡಿ ದೊರೆಯಿತು. ಅವನ ಗಡಿಗಲ್ಲುಗಳಲ್ಲಿ ‘ವ’ಕಾರಕ್ಕಾಗಿ ಅವನೇ ಬಳಕೆಗೆ ತಂದ, ತಲೆಕೆಳಗಾದ ಅಕ್ಷರವೊಂದನ್ನು ಕಾಣಬಹುದು. ಅವನ ಮರಣಾನಂತರ ಅದು ಉಳಿಯಲಿಲ್ಲ. ವ್ಯಾಕರಣಪ್ರಿಯ ಅರಸನ ಬಗ್ಗೆ ನನಗೆ ಕನಿಕರವಿದೆ.

ಈ ಗೆರೆ ದಾಟುವುದು ಸಣ್ಣ ಸಂಗತಿಯಾಗಿರಲಿಲ್ಲ. ಕ್ರಿ.ಪೂ. 163ರ ಕಾನ್ಸಲ್ ಟೈಬೀರಿಯಸ್ ಗ್ರಾಕಸ್ ಚುನಾವಣೆ ನಡೆಸಿದಾಗ, ಅದು ಕ್ರಮಬದ್ಧವಲ್ಲವೆಂದು ಎಟ್ರುಸ್ಕನ್ ಶಕುನಜ್ಞರು ಆಕ್ಷೇಪಿಸಿದರು. ಆತ ಅವರನ್ನು ಗದರಿಸಿಬಿಟ್ಟ. ಮುಂದೆ ತನ್ನ ಪ್ರಾಂತದಲ್ಲಿ ಗ್ರಂಥಗಳನ್ನು ಓದುತ್ತಿದ್ದಾಗ ನೆನಪಾಯಿತು: ಸೆನೆಟ್ ಸಭೆಗೆಂದು ಪೊಮೇರಿಯಮ್ ದಾಟಿದ್ದವನು, ಮರಳಿ ಹೊರಬರುವಾಗ ಶಕುನ ನೋಡಲು ಮರೆತಿದ್ದ. ತಪ್ಪೊಪ್ಪಿ ರೋಮಿಗೆ ಪತ್ರ ಬರೆದ. ಆಯ್ಕೆಯಾಗಿದ್ದ ಇಬ್ಬರು ಕಾನ್ಸಲರೂ ಅಧಿಕಾರ ಬಿಟ್ಟರು. ಇದನ್ನು ದಾಖಲಿಸಿದವನು ಸಿಸೆರೊ.

ನನ್ನ ಉತ್ತರವನ್ನೂ ಅಂಚೆಗೆ ಹಾಕಿದ್ದೇನೆ. ಆ ತರಗತಿಯ ಉಳಿದವರ ಬಳಿ ಹಳೆಯ ನೋಟುಪುಸ್ತಕ ಇದ್ದರೆ, ‘ಹಿಂದಿನ’ ಎಂಬುದನ್ನು ಹೊಡೆದು ‘ಎರಡೂ ಬದಿಯ’ ಎಂದು ತಿದ್ದಿಕೊಳ್ಳಿ.