ಊಟಕ್ಕೆ ಹೋದ ಕಾವಲುಗಾರ

ನವೆಂಬರ್ 11 ಬಂತೆಂದರೆ ಚಿತ್ರದುರ್ಗದಲ್ಲಿ ಒನಕೆ ಓಬವ್ವನ ಜಯಂತಿ. 2021ರಿಂದ ಸರ್ಕಾರವೇ ಆಚರಿಸುತ್ತಿದೆ. ಹಾರ, ಮೆರವಣಿಗೆ, ಸ್ವಾಗತ ಭಾಷಣವೇ ಮುಖ್ಯ ಭಾಷಣವನ್ನು ನುಂಗಿಬಿಡುವ ಸಭೆ, ಎಲ್ಲ ಸಾಂಗವಾಗಿ ನಡೆಯುತ್ತದೆ. ಅದೇ ದಿನ ಅಮೆರಿಕದಲ್ಲಿ ಮಾಜಿ ಸೈನಿಕರ ದಿನ. 1918ರಲ್ಲಿ ಮೊದಲ ಮಹಾಯುದ್ಧ ನಿಂತ ದಿನವದು. ಎರಡು ಸರ್ಕಾರಗಳು ಕೂತು ಮಾತಾಡಿ ಗೊತ್ತು ಮಾಡಿದ್ದಲ್ಲ. ಆದರೆ ನಮ್ಮ ಮನೆಯಲ್ಲಿ ಎರಡೂ ಒಂದೇ ಮೊಬೈಲಿಗೆ ಬಂದು ಬೀಳುತ್ತವೆ.

ಕಳೆದ ಸಲ ಸ್ಯಾನ್ ಡಿಯಾಗೋದಲ್ಲಿರುವ ಅಕ್ಕನ ಮಗ ‘ಮಿಡ್‌ವೇ’ ಹಡಗಿನ ಫೋಟೊ ಕಳಿಸಿದ್ದ. 1945ರಿಂದ 1992ರವರೆಗೆ ದುಡಿದ ವಿಮಾನವಾಹಕ ನೌಕೆ. 2004ರಿಂದ ದಡದಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಡೆಕ್ಕಿನ ಮೇಲೆ ಹಳೆಯ ವಿಮಾನಗಳು, ಒಂದರ ಪಕ್ಕ ಟೋಪಿ ಹಾಕಿದ ಅಜ್ಜ. ಸೈನ್ಯದಿಂದ ನಿವೃತ್ತರಾದವರೇ ಅಲ್ಲಿ ಸ್ವಯಂಸೇವಕರಾಗಿ ನಿಂತು ಬಂದವರಿಗೆ ವಿವರ ಹೇಳುತ್ತಾರಂತೆ. ಹೊಳಲ್ಕೆರೆ ಕಡೆಯ ನಮ್ಮ ಮಿಲ್ಟ್ರಿ ಮಾವನಿಗೆ ತೋರಿಸಿದೆ. ಹಡಗು ನೋಡಲಿಲ್ಲ, ವಿಮಾನ ನೋಡಲಿಲ್ಲ. ಅಜ್ಜನನ್ನೇ ದಿಟ್ಟಿಸಿ, “ಪಾಪ, ಹೊತ್ತಿಗೆ ಸರಿಯಾಗಿ ಉಣ್ಣಾಕೆ ಬಿಡ್ತಾರೇನಪ್ಪಾ?” ಅಂದರು.

ಮಾವ ಹವಾಲ್ದಾರರಾಗಿ ನಿವೃತ್ತರಾದವರು. ಬಿಳಿ ಅಕ್ಷರದಲ್ಲಿ ಹೆಸರು, ನಂಬರು ಬರೆದ ಕರಿ ಟ್ರಂಕಿನೊಳಗೆ ಈಗ ಅಡಿಕೆ ಇದೆ. ಅವರು ಮಿಲ್ಟ್ರಿ ಕ್ಯಾಂಟೀನಿಗೆ ಹೊರಟ ದಿನ ನೆಂಟರಿಷ್ಟರ ದೇಶಭಕ್ತಿ ತಾನಾಗಿ ಉಕ್ಕುತ್ತದೆ. ಮಕ್ಕಳು ಸುತ್ತ ಕೂತು “ಎಷ್ಟು ಜನರನ್ನ ಹೊಡೆದ್ರಿ ತಾತಾ?” ಎಂದು ಕೇಳಿದರೆ, “ಯಾರನ್ನೂ ಇಲ್ಲ ಮಗಾ. ಕಾವಲಿದ್ದೆ. ಏನೂ ಆಗ್ಲಿಲ್ಲ” ಎನ್ನುತ್ತಾರೆ. ಮಕ್ಕಳು ಎದ್ದು ಹೋಗುತ್ತವೆ.

ಸತ್ತ ವೀರನಿಗೆ ನಮ್ಮ ಸೀಮೆ ಯಾವತ್ತೂ ಕಡಿಮೆ ಮಾಡಿಲ್ಲ. ಊರ ಬಾಗಿಲಲ್ಲೋ ಕೆರೆ ಏರಿ ಮೇಲೋ ಒಂದು ವೀರಗಲ್ಲು ಸಿಕ್ಕೇ ಸಿಗುತ್ತದೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ಅದರ ಮೇಲೆ ಸೂರ್ಯ ಚಂದ್ರ. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೂ ಇಷ್ಟು ಮರ್ಯಾದೆ. ದನ ಬಿಡಿಸಿಕೊಂಡು ಬದುಕಿ ಬಂದವನಿಗೆ ಮಾತ್ರ ಕಲ್ಲಿಲ್ಲ. ಅವನು ಮಾರನೆಯ ದಿನ ಅದೇ ದನ ಕಾಯಲು ಹೋಗಿರಬೇಕು.

ಅಕ್ಕನ ಮಗನ ಹಾಗೆ ಹಡಗು ನೋಡಬೇಕೆಂದರೆ ನಾವು ಕಾರವಾರಕ್ಕೇ ಹೋಗಬೇಕು. ಅಲ್ಲಿ ‘ಐಎನ್‌ಎಸ್ ಚಪಲ್’ ಕಡಲ ತೀರದಲ್ಲಿ ನಿಂತಿದೆ. ನಮ್ಮ ಪಾಲಿಗಿರುವ ಕಡಲೆಂದರೆ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಅದನ್ನು ನಂಬಿ ಯಾರು ಹಡಗು ತಂದಾರು? ವಿಮಾನದ ವಿಷಯದಲ್ಲಿ ಮಾತ್ರ ನಾವು ಬಡವರಲ್ಲ. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ಪರೀಕ್ಷಾ ವಲಯ ಬಂದ ಮೇಲೆ ಪೈಲಟ್ ಇಲ್ಲದ ವಿಮಾನಗಳು ತಲೆ ಮೇಲೆ ಹಾರಾಡುತ್ತವೆ. 2023ರ ಆಗಸ್ಟ್‌ನಲ್ಲಿ ‘ತಪಸ್’ ಎಂಬುದೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೇ ಬಿತ್ತು. ಟಿಕೆಟ್ಟಿಲ್ಲದೆ ವಿಮಾನ ನೋಡುವ ಯೋಗ! ಇನ್ನು ಮಿಲಿಟರಿ ಹೆಸರು ಹೊತ್ತ ಸಂಸ್ಥೆಗಳಿಗೆ ಹೆದ್ದಾರಿಯುದ್ದಕ್ಕೂ ಬರವಿಲ್ಲ. ಒಳಗೆ ಹೋದರೆ ಮುದ್ದೆ, ನಾಟಿಕೋಳಿ ಸಾರು.

ಮಾವನ ಜೊತೆ ಕೋಟೆಗೆ ಹೋದಾಗ ಓಬವ್ವನ ಕಿಂಡಿಯ ಮುಂದೆ ಸೆಲ್ಫಿ ಸಾಲು. ಬಂಡೆಗಳ ನಡುವಿನ ಆ ಸಂದಿಯಲ್ಲಿ ಮೈ ಕುಗ್ಗಿಸಿ, ತಲೆ ಮೊದಲು ಚಾಚಿಯೇ ಬರಬೇಕು. ಒನಕೆಗೆ ಅಷ್ಟೇ ಸಾಕಾಗಿತ್ತು. ಗೈಡು ಕಥೆ ಹೇಳುತ್ತಿದ್ದ. ಹೈದರಾಲಿಯ ದಂಡು, ನೀರಿಗೆ ಬಂದ ಓಬವ್ವ, ಕಾವಲು ಬಿಟ್ಟು ಊಟಕ್ಕೆ ಹೋಗಿದ್ದ ಗಂಡ ಕಹಳೆಯ ಮುದ್ದಹನುಮ. ಗಂಡನ ಊಟ ಬಂದಾಗ ಎಲ್ಲರೂ ಕಿಸಕ್ಕೆಂದರು. ಮಾವ ನಗಲಿಲ್ಲ.

“ಅವನು ಅಲ್ಲಿ ನಿಂತಿದ್ದ ದಿನ ಒಬ್ಬನಾದ್ರೂ ನುಗ್ಗಿದ್ನಾ?” ಎಂದರು ಗೈಡಿಗೆ. “ಎಷ್ಟು ಹಗಲು, ಎಷ್ಟು ರಾತ್ರಿ ನಿಂತಿದ್ನೋ. ಉಣ್ಣಾಕೆ ಹೋದ ಒಂದೊತ್ತು ಮಾತ್ರ ಲೆಕ್ಕಕ್ಕೆ ಬಂತು ನೋಡು.”

ಗೈಡಿಗೆ ಉತ್ತರ ತೋಚಲಿಲ್ಲ. ನನಗೂ ಅಷ್ಟೆ. ಓಬವ್ವನಿಗೆ ಎಷ್ಟು ಹಾರ ಹಾಕಿದರೂ ಕಡಿಮೆಯೇ. ಆದರೆ ಸ್ಮಾರಕಗಳೆಲ್ಲ ಏನಾದರೂ ನಡೆದ ದಿನದವು. ಏನೂ ನಡೆಯದಂತೆ ನೋಡಿಕೊಂಡ ದಿನಗಳಿಗೆ ದುರ್ಗದಲ್ಲೂ ಕಲ್ಲಿಲ್ಲ, ಅಮೆರಿಕದಲ್ಲೂ ಕಡಿಮೆಯೇ ಇರಬೇಕು. ಕಾವಲು ಗೆದ್ದಿತು ಎನ್ನುವುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲವಲ್ಲ.

ಮಾವನಿಗಂತೂ ತಾನು ಬದುಕಿದ್ದೇನೆ ಎನ್ನುವುದಕ್ಕೇ ಸಾಕ್ಷಿ ಹೊಂದಿಸುವುದು ಕಷ್ಟ. ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕಾದದ್ದೂ ಇದೇ ನವೆಂಬರಿನಲ್ಲಿ. ಅಡಿಕೆ ಸುಲಿದು ಸವೆದ ಬೆರಳನ್ನು ಬೆರಳಚ್ಚಿನ ಯಂತ್ರ ಒಪ್ಪುವುದಿಲ್ಲ. “ಇನ್ನೊಂದ್ಸಲ ಒತ್ತಿ ಅಜ್ಜಾ” ಎನ್ನುತ್ತಾನೆ ಯಂತ್ರ ಹಿಡಿದ ಹುಡುಗ. ಮಾವ ಅಟೆನ್ಷನ್‌ನಲ್ಲಿ ನಿಂತು ಒತ್ತುತ್ತಾರೆ.

ಈ ಸಲ ಜಯಂತಿಯಲ್ಲಿ ಮಾಜಿ ಸೈನಿಕರಿಗೂ ಒಂದು ಶಾಲು ಹೊದಿಸಲು ಹೇಳಿನೋಡೋಣ ಅನ್ನಿಸಿ, “ಬರ್ತೀರಾ ಮಾವಾ?” ಎಂದೆ. ಅಡಿಕೆ ಕಣದ ಕಡೆ ಒಮ್ಮೆ ನೋಡಿದರು.

“ಊಟ ಇರ್ತದಾ?”

“ಇರ್ತದೆ.”

“ಹಂಗಾದ್ರೆ ಕಣಕ್ಕೆ ಬದಲಿ ಆಳು ನಿಲ್ಲಿಸೇ ಬರಬೇಕು.”