ಅವ್ವನ ಬಿಳಿ ಬ್ರೆಡ್ಡು

ನಮ್ಮೂರಲ್ಲಿ ಬ್ರೆಡ್ಡು ಅಂದರೆ ಜ್ವರ. ನಾನು ಚಿಕ್ಕವಳಿದ್ದಾಗ ಯಾರ ಕೈಯಲ್ಲಾದರೂ ಬ್ರೆಡ್ಡು ಕಂಡರೆ ಜನ ಕೇಳುತ್ತಿದ್ದ ಮೊದಲ ಮಾತು, ‘ಯಾರ್ಗ್ ಹುಷಾರಿಲ್ಲ?’ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವವರು ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೋಸಂಬಿ ಹಿಡಿದೇ ಬಸ್ಸು ಹತ್ತುತ್ತಿದ್ದರು. ಗಟ್ಟಿಮುಟ್ಟಾಗಿದ್ದವರಿಗೆ ಮುದ್ದೆ.

ನಮ್ಮದು ಹಾಸನ ಜಿಲ್ಲೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮೂಲ ಹುಡುಕಿಕೊಂಡು ಹೋದರೆ ನಮ್ಮ ಕಡೆಯ ಹಳ್ಳಿಗಳೇ ಸಿಗುತ್ತವೆ. ಹಾಗಿದ್ದೂ ನಮ್ಮೂರಿಗೆ ಬ್ರೆಡ್ಡು ಬರುತ್ತಿದ್ದುದು ಹೋಬಳಿಯಿಂದ, ಸಂಜೆ ಬಸ್ಸಿನಲ್ಲಿ, ಅದೂ ಯಾರಾದರೂ ಹೇಳಿಕಳಿಸಿದ್ದರೆ ಮಾತ್ರ.

ಅವ್ವನಿಗೆ ಬಿಳಿ ಬ್ರೆಡ್ಡು ಅಂದರೆ ಪ್ರಾಣ. ಹಾಲಲ್ಲಿ ಅದ್ದಿ, ಮೆತ್ತಗಾದ ಮೇಲೆ ಕಣ್ಣು ಮುಚ್ಚಿಕೊಂಡು ತಿನ್ನುತ್ತಾಳೆ. ಅವಳದು ಏಳು ಮಕ್ಕಳ ಮನೆ. ಇವಳು ಐದನೆಯವಳು. ಅಜ್ಜಿಗೆ ಹೊಲ, ಹಸು, ಒಲೆ ಬಿಟ್ಟು ಯಾವ ಮಗುವಿನ ಹತ್ತಿರವೂ ಕೂರಲು ಪುರುಸೊತ್ತಿರಲಿಲ್ಲ. ಜ್ವರ ಬಂದಾಗ ಮಾತ್ರ ಪಕ್ಕದಲ್ಲಿ ಕೂತು, ಬ್ರೆಡ್ಡು ಮುರಿದು ಹಾಲಲ್ಲಿ ಅದ್ದಿ ಬಾಯಿಗಿಡುತ್ತಿದ್ದಳಂತೆ. ‘ಜ್ವರ ಬಿಟ್ರೂ ಹೇಳ್ತಿರ್ಲಿಲ್ಲ ನಾನು’ ಎಂದು ಅವ್ವ ಈಗಲೂ ನಗುತ್ತಾಳೆ.

ಎರಡು ವರ್ಷದ ಹಿಂದೆ ಅವಳಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಮೈದಾ ಕಡಿಮೆ ಮಾಡಿ ಎಂದರು ಡಾಕ್ಟರು. ನಾನು ಕೆಲಸಕ್ಕಿದ್ದ ಬೆಂಗಳೂರಿನಿಂದ ಪ್ರತಿ ಸಲ ಊರಿಗೆ ಬರುವಾಗ ಕಂದು ಬ್ರೆಡ್ಡು ತರಲು ಶುರು ಮಾಡಿದೆ. ಬಿಳಿಯದಕ್ಕಿಂತ ದುಬಾರಿ. ಮೊದಲ ತುಂಡು ಅಗಿದವಳೇ ಅವ್ವ ನನ್ನ ಮುಖ ನೋಡಿದಳು.

‘ಹಸೀಗಿಕ್ಕೋ ಬೂಸಾನ ನಂಗ್ಯಾಕವ್ವ ತಂದೆ?’

ತಮಾಷೆ ಏನೆಂದರೆ, ಅವಳು ಹೇಳಿದ್ದು ಸರಿಯೇ. ಗೋಧಿ ಕಾಳಿನಲ್ಲಿ ಹೊರಗೆ ಸಿಪ್ಪೆ, ಒಂದು ತುದಿಯಲ್ಲಿ ಮೊಳಕೆ ಬರುವ ಭಾಗ, ಒಳಗೆಲ್ಲ ಬಿಳಿ ಹಿಟ್ಟು. ಗಿರಣಿಯಲ್ಲಿ ಇವನ್ನು ಬೇರೆ ಮಾಡುತ್ತಾರೆ. ಒಳಗಿನ ಬಿಳಿ ಮೈದಾ ಆಗಿ ಬೇಕರಿಗೆ ಹೋಗುತ್ತದೆ. ಸಿಪ್ಪೆ ಬೂಸಾ ಆಗಿ ಮೂಟೆ ಕಟ್ಟಿಸಿಕೊಂಡು ನಮ್ಮ ಹಟ್ಟಿಗೇ ಬರುತ್ತದೆ. ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುವುದರಿಂದ ಅದು ಸೇರಿದ ಹಿಟ್ಟು ಬೇಗ ಕಮಟುತ್ತದೆ. ಮೈದಾ ಬಹಳ ದಿನ ಕೆಡದೆ ಇರುತ್ತದೆ, ವ್ಯಾಪಾರಕ್ಕೆ ಅದೇ ಅನುಕೂಲ. ನಾರಿನಂಶ ಹಸುವಿಗೆ, ಬಿಳಿ ನಮಗೆ. ಈಗ ಅದೇ ಬೂಸಾ ಸೇರಿಸಿದ ಬ್ರೆಡ್ಡಿಗೆ ಪೇಟೆಯಲ್ಲಿ ಹೆಚ್ಚು ದುಡ್ಡು.

ನನಗೆ ಕಂದು ಬ್ರೆಡ್ಡು ರೂಢಿಯಾದದ್ದು ಹಾಸ್ಟೆಲಿನಲ್ಲಿ. ಅಗಿಯಲು ಸಿಗುತ್ತದೆ, ಸುಟ್ಟರೆ ಗೋಧಿಯ ವಾಸನೆ ಬರುತ್ತದೆ. ಬಿಳಿಯದು ಅಂಗಳಕ್ಕೆ ಅಂಟಿಕೊಂಡು ಕೂರುತ್ತದೆ. ಆದರೆ ನಿಜ ಹೇಳಬೇಕೆಂದರೆ, ಆ ಇಷ್ಟದಲ್ಲಿ ಅರ್ಧ ರುಚಿ, ಅರ್ಧ ಜಂಬ. ಪೇಟೆಯ ಹುಡುಗಿಯರು ಅದನ್ನು ತಿನ್ನುತ್ತಿದ್ದರು, ನಾನೂ ತಿಂದೆ.

ಹೀಗೆ ಒಂದು ವರ್ಷ ನಡೆಯಿತು. ಅವ್ವ ಔಷಧಿ ನುಂಗುವ ಹಾಗೆ ನುಂಗುತ್ತಿದ್ದಳು. ಒಂದು ರಾತ್ರಿ ಅವಳನ್ನು ಒಪ್ಪಿಸಲು, ‘ಬಾ, ಇದರಲ್ಲಿ ಏನೇನೈತೆ ಓದಿ ಹೇಳ್ತೀನಿ’ ಎಂದು ಪ್ಯಾಕೆಟ್ಟು ತಿರುಗಿಸಿದೆ. ಯಾವುದು ಜಾಸ್ತಿ ಹಾಕಿದ್ದಾರೋ ಅದರ ಹೆಸರು ಮೊದಲು ಬರೆಯಬೇಕು ಎಂಬುದು ನಿಯಮ. ಮೊದಲ ಹೆಸರೇ ಮೈದಾ. ಆಮೇಲೆ ಸಕ್ಕರೆ, ಗೋಧಿ ಹೊಟ್ಟು, ಕೊನೆಯಲ್ಲಿ ‘ಬಣ್ಣ 150ಎ’. ಹಾಗೆಂದರೆ ಕ್ಯಾರಮೆಲ್, ಸಕ್ಕರೆ ಕಾಯಿಸಿ ಮಾಡಿದ ಕಂದು ಬಣ್ಣ.

‘ಹಂಗಾರೆ ಬಿಳೀದಕ್ಕೇ ಬಣ್ಣ ಬಳ್ದವ್ರೆ ಅನ್ನು’ ಎಂದಳು ಅವ್ವ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊರಿನವರಿಗೆಲ್ಲ ಓದಿ ತಿಳಿಸುತ್ತೇನೆ ಎಂದು ಪತ್ರಿಕೋದ್ಯಮ ಓದಿದವಳು ನಾನು. ಅವ್ವನ ತಟ್ಟೆಗೆ ಬಂದ ಪ್ಯಾಕೆಟ್ಟನ್ನು ಒಂದು ವರ್ಷ ತಿರುಗಿಸಿ ನೋಡಿರಲಿಲ್ಲ.

ಮುಂದಿನ ಸಲ ಇಡೀ ಗೋಧಿ ಹಿಟ್ಟಿನ ಹೆಸರೇ ಮೊದಲಿದ್ದ ಬ್ರೆಡ್ಡು ಹುಡುಕಿ ತಂದೆ. ತಿಂದು ಎರಡು ಗಂಟೆ ಬಿಟ್ಟು ಮನೆಯ ಮಷೀನಿನಲ್ಲಿ ಶುಗರ್ ನೋಡಿದರೆ ಅಂಥ ವ್ಯತ್ಯಾಸವೇನೂ ಇಲ್ಲ. ಆಮೇಲೆ ಓದಿ ತಿಳಿದುಕೊಂಡೆ. ತಿಂದದ್ದು ಎಷ್ಟು ಬೇಗ ಸಕ್ಕರೆ ಏರಿಸುತ್ತದೆ ಎಂಬುದಕ್ಕೆ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆ ಇದೆ. ಗ್ಲೂಕೋಸಿಗೆ 100 ಎಂದರೆ ಬಿಳಿ ಬ್ರೆಡ್ಡಿಗೆ 75ರ ಆಸುಪಾಸು, ಇಡೀ ಗೋಧಿ ಬ್ರೆಡ್ಡಿಗೆ 74ರ ಆಸುಪಾಸು. ಸಿಪ್ಪೆ ಸಮೇತ ಬೀಸಿದರೂ ಹಿಟ್ಟು ನುಣ್ಣಗಾದರೆ ಬೇಗ ಕರಗುತ್ತದೆ. ಇಡೀ ಗೋಧಿಯಲ್ಲಿ ನಾರಿದೆ, ಹೊಟ್ಟೆಗೆ ಒಳ್ಳೆಯದು, ಸುಳ್ಳಲ್ಲ. ಆದರೆ ಕಂದು ಎಂಬ ಕಾರಣಕ್ಕೆ ನಾಲ್ಕು ತುಂಡು ಹೆಚ್ಚು ತಿನ್ನಬಹುದು ಅಂತಿಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿದ್ದೂ ಅದೇ: ಯಾವುದಾದರೂ ಸರಿ, ಕಮ್ಮಿ ತಿನ್ನಿ, ಜೊತೆಗೆ ಮೊಟ್ಟೆಯೋ ಕಾಳೋ ಇರಲಿ.

ಸಿಪ್ಪೆ ಸಮೇತ ಬೀಸುವ ಧಾನ್ಯ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು, ರಾಗಿ. ಆರೋಗ್ಯಕ್ಕೆ ಅಂತ ನಾವದನ್ನು ಉಣ್ಣುತ್ತಿರಲಿಲ್ಲ, ಹಸಿವಿಗೆ ಉಣ್ಣುತ್ತಿದ್ದೆವು. ಅವ್ವನ ಮುದ್ದೆಯ ಗಾತ್ರ ಈಗ ಅರ್ಧಕ್ಕೆ ಇಳಿದಿದೆ, ಸೊಪ್ಪಿನ ಸಾರು ಜಾಸ್ತಿಯಾಗಿದೆ.

ಕಳೆದ ತಿಂಗಳು ಅವಳಿಗೆ ಮೂರು ದಿನ ಜ್ವರ. ಫೋನಿನಲ್ಲಿ ಏನು ತರಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, ‘ಬಿಳೀದೇ ತತ್ತೀಯಾ?’

ತಂದೆ. ಹಾಲು ಕಾಯಿಸಿ, ಸಕ್ಕರೆ ಹಾಕದೆ, ಒಂದೇ ತುಂಡು ಮುರಿದು ಅದ್ದಿದೆ. ‘ಕೊಡಿಲ್ಲಿ, ನಾನೇ ತಿಂತೀನಿ’ ಎಂದು ಕೈ ಚಾಚಿದಳು. ನಾನು ಬಟ್ಟಲು ಕೊಡದೆ ಪಕ್ಕದಲ್ಲೇ ಕೂತೆ. ಉಳಿದ ಪ್ಯಾಕೆಟ್ಟಿನಲ್ಲಿ ಎರಡು ತುಂಡು ನಾನೂ ಹಾಲಲ್ಲಿ ಅದ್ದಿಕೊಂಡು ತಿಂದೆ. ಅಂಗಳಕ್ಕೆ ಅಂಟಿಕೊಂಡಿತು.