ಕೊರಳು ಕಟ್ಟಿದಾಗ ಹೊಟ್ಟಿ ಕಲಿಸಿದ್ದು

ನಾನು ಓದಿದ್ದು ಏಳನೇತ್ತೆ ತನಕ. ಹಗಲು ಹೊಲ, ರಾತ್ರಿ ಭಜನಿ, ಇವೆರಡೇ ನನಗ ಗೊತ್ತು. ವಾಚನಾಲಯದವರು ಏನಾದ್ರೂ ಬರಕೊಡು ಅಂದ್ರು. ನನ್ನ ದನಿ ಹೋಗಿ ಬಂದ ಕತಿ ಬರೀತೀನಿ.

ಏಳು ವರ್ಷದ ಹಿಂದಿನ ಶ್ರಾವಣ. ಉರುಕುಂದಿ ಈರಣ್ಣನ ಸನ್ನಿಧಿಯಾಗ ನಮ್ಮ ಮೇಳ ಕುಂತಿತ್ತು. ಎರಡನೇ ಪದದಾಗ ಏರುದನಿ ಎತ್ತಿದ್ರ ಬರೀ ಗಾಳಿ ಬಂತು. ತಾಳ ಹಾಕೋ ಹುಡುಗ ನನ್ನ ಮುಖ ನೋಡಿದ. ಎದ್ದು ಹೊರಗ ಬಂದುಬಿಟ್ಟೆ. ಅಂಥ ನಾಚಿಕಿ ನನಗ ಯಾವತ್ತೂ ಆಗಿರಲಿಲ್ಲ.

ಶುಂಠಿ, ಜೇಷ್ಠಮಧು, ಬಿಸಿನೀರು ಎಲ್ಲಾ ಆಯ್ತು. ತಿಂಗಳಾದ್ರೂ ಗೊಗ್ಗರು ದನಿ ಹೋಗಲಿಲ್ಲ. ಆದೋನಿಗೆ ಹೋಗಿ ಗಂಟಲು ಡಾಕ್ಟರಿಗೆ ತೋರಿಸಿದೆ. ಅವರು ನೋಡಿ, “ಪೆದ್ದಾಯನಾ, ರಾತ್ರಿ ಎಷ್ಟೊತ್ತಿಗೆ ಉಣ್ತೀರಿ?” ಅಂದ್ರು. ಕೊರಳಿಗೂ ಊಟಕ್ಕೂ ಏನು ಸಂಬಂಧ ಅನ್ನಿಸ್ತು. ಭಜನಿ ಮುಗಿದ ಮ್ಯಾಲೆ, ಹನ್ನೆರಡು ಗಂಟಿಗೆ ಅನ್ನ, ಸಾರು, ಮಿರ್ಚಿ ಉಂಡು ಹಂಗೇ ಮಲಗ್ತೀನಿ ಅಂದೆ. “ತುಂಬಿದ ಹೊಟ್ಟೆಲೆ ಮಲಗಿದ್ರೆ ಒಳಗಿನ ಹುಳಿ ಮ್ಯಾಲೆ ಬಂದು ಗಂಟಲು ಸುಡ್ತದೆ” ಅಂದ್ರು.

ದಾರಿಯಾಗ ಅಪ್ಪನ ಕಾಲ ನೆನಪಾಯ್ತು. ಬುಡ್ಡಿ ಎಣ್ಣಿ ಉಳಿಸಾಕಂತ ಹೊತ್ತು ಮುಳುಗೋದ್ರಾಗೆ ಎಲ್ಲರ ಊಟ ಆಗ್ತಿತ್ತು. ಜ್ವಾಳದ ರೊಟ್ಟಿ, ಪುಂಡಿಪಲ್ಯ, ನವಣಿ ಅನ್ನ, ಮಜ್ಜಿಗಿ. ಉಂಡು ಕಟ್ಟಿಮ್ಯಾಲೆ ಮಾತಾಡಿ, ದನಕ್ಕ ಮೇವು ಹಾಕಿ ಮಲಗೋರು. 1983ರಾಗ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿ ಅಕ್ಕಿ ಕೊಟ್ಟಿತು. ಬಡವರ ಹೊಟ್ಟಿ ತುಂಬ್ತು, ಅದು ಪುಣ್ಯದ ಕೆಲಸ. ಆದ್ರ ನಾವು ಜ್ವಾಳ ಬಿಟ್ಟು ಹತ್ತಿ ಹಾಕಿದ್ವಿ, ಮೂರು ಹೊತ್ತೂ ಅನ್ನಕ್ಕ ಬಿದ್ವಿ. ರೊಟ್ಟಿ ಅಗಿಯದೆ ಇಳಿಯೋದಿಲ್ಲ. ಅನ್ನ ಹಂಗಲ್ಲ, ನುಂಗಿದ್ರ ಆಯ್ತು. ಅಗಿಯೋದನ್ನೇ ಮರ್ತ್ವಿ. ಬಾಯಾಗಿನ ಜೊಲ್ಲು ಕೂಡಿದಾಗಿಂದಲೇ ಊಟ ಕರಗೋದು ಸುರುವಾಗ್ತದಂತ. ಅಗಿಯದಿದ್ರ ಆ ಕೆಲಸ ಎಲ್ಲಾ ಹೊಟ್ಟಿ ಮ್ಯಾಲೇ ಬೀಳ್ತದ.

ಅವತ್ತಿಂದ ಭಜನಿಗೆ ಹೋಗೋ ಮೊದಲೇ, ಆರು ಗಂಟಿಗೆ ಊಟ. ರೊಟ್ಟಿ, ಪಲ್ಯ, ಅದೂ ಹೊಟ್ಟಿ ಬಿರಿಯೋ ಹಂಗಲ್ಲ. ಉಂಡು ಮೂರು ತಾಸು ಮಲಗಂಗಿಲ್ಲ. ಮಂಚದ ತಲಿಕಡೆ ಕಾಲಿಗೆ ಒಂದೊಂದು ಇಟ್ಟಿಗೆ ಇಟ್ಟೀನಿ. ಬರೇ ಹೊಟ್ಟಿಗೆ ಚಾ ಬಿಟ್ಟೆ, ಎಲಿ ತಂಬಾಕು ಬಿಟ್ಟೆ. ಗಾಡಿ ಬಿಟ್ಟು ಹೊಲಕ್ಕ ನಡ್ಕೊಂಡು ಹೋಗ್ತೀನಿ. ಉಗ್ಗಾಣಿ-ಮಿರ್ಚಿ ಮಾತ್ರ ಪೂರ್ತಿ ಬಿಡಾಕ ಆಗಲಿಲ್ಲ. ಸಂತಿ ದಿನ ಒಂದು ಪ್ಲೇಟು, ಅದೂ ಬೆಳಿಗ್ಗಿ.

ಮೂರು ತಿಂಗಳಿಗೆ ಎದಿಯುರಿ ಹೋಯ್ತು. ಬೆಳಿಗ್ಗಿ ಹೊಟ್ಟಿ ಸಲೀಸಾಗಿ ಖಾಲಿ ಆಗ್ತದ. ದನಿ ಬಂತು, ಪೂರ್ತಿ ಬರಲಿಲ್ಲ. ಮೊದಲು ಪೆಟ್ಟಿಗಿಯ ಕರಿ ಎರಡರಾಗ ಹಾಡ್ತಿದ್ದೆ, ಈಗ ಕರಿ ಒಂದಕ್ಕ ಇಳಿದೀನಿ. ಎದಿ ಉರೀತಿದ್ದಾಗ ಹತ್ತು ವರ್ಷ ಸೋಡಾ ಕುಡ್ಕೊಂತ ಕಳೆದದ್ದಕ್ಕ ತೆತ್ತ ದಂಡ ಅದು.

ಅದಕ್ಕ ಹೇಳ್ತೀನಿ. ದನಿ ಮೂರು ವಾರ ಕಟ್ಟಿದ್ರ, ನುಂಗಾಕ ತ್ರಾಸಾದ್ರ, ಮಲದಾಗ ರಕ್ತ ಕಂಡ್ರ, ಸುಮ್ನೆ ತೂಕ ಇಳಿದ್ರ ಸೋಡಾ, ಗುಳಿಗಿ ಅಂತ ಕೂಡಬ್ಯಾಡ್ರಿ, ಡಾಕ್ಟರಿಗೆ ತೋರಿಸ್ರಿ. ಮಾಸ್ತರರೇ, ಶಾಲಿ ಮಕ್ಕಳಿಗೆ ಸಾವಕಾಶ ಅಗಿದು ಉಣ್ಣೋದು ಕಲಿಸ್ರಿ. ಈ ವರ್ಷ ನಾನು ಅರ್ಧ ಎಕರೆ ಜ್ವಾಳ ಬಿತ್ತೀನಿ. ಮನಿ ಮಟ್ಟಿಗೆ ಸಾಕು.